ಬೊಟಿಚೆಲ್ಲಿಯನ್ನು ಆ ಬೆಂಕಿಯ ಹತ್ತಿರ ನಿಲ್ಲಿಸಿದ್ದು ಸಾಕು

ಹದಿನೈದನೇ ಶತಮಾನದ ಕೊನೆಯಲ್ಲಿ ಇಟಲಿಯ ಫ್ಲಾರೆನ್ಸ್ ನಗರ ಹೇಗಿತ್ತು ಅನ್ನುವುದರ ಬಗ್ಗೆ ಕಥೆ ಬರೆಯುವವರಿಗೆ ಒಂದು ದೃಶ್ಯದ ಮೇಲೆ ಬಹಳ ಮೋಹ. ಊರ ಚೌಕದಲ್ಲಿ ದೊಡ್ಡ ಬೆಂಕಿ. ಕಪ್ಪು ನಿಲುವಂಗಿಯ ಕ್ರೈಸ್ತ ಸಂನ್ಯಾಸಿ ಸವೊನರೋಲಾ ಆಡಂಬರವೆಲ್ಲ ಪಾಪ ಅಂತ ಗುಡುಗುತ್ತಿರುತ್ತಾನೆ. ಹೆಸರಾಂತ ಚಿತ್ರಕಾರ ಬೊಟಿಚೆಲ್ಲಿ ಅಳುತ್ತಾ ತನ್ನದೇ ಚಿತ್ರಗಳನ್ನು ಬೆಂಕಿಗೆ ಹಾಕುತ್ತಿರುತ್ತಾನೆ. ಸಂನ್ಯಾಸಿ ಅಂದರೆ ಖಳನಾಯಕ, ಚಿತ್ರಕಾರ ಅಂದರೆ ಪಾಪದವನು. ಅಲ್ಲಿಗೆ ಮುಗೀತು.

ಬೆಂಕಿ ಹಾಕಿದ್ದೇನೋ ನಿಜ. 1497ರ ಫೆಬ್ರವರಿ 7, ಕ್ರೈಸ್ತರ ಉಪವಾಸದ ಕಾಲಕ್ಕೆ ಮುಂಚೆ ಬರುವ ಕಾರ್ನಿವಲ್ ಹಬ್ಬದ ಕೊನೆಯ ದಿನ. ಹುಡುಗರ ಗುಂಪು ಮನೆಮನೆಗೆ ಹೋಗಿ ಕನ್ನಡಿ, ಇಸ್ಪೀಟು, ಮುಖವಾಡ, ಚೌರಿ, ಪುಸ್ತಕ, ಚಿತ್ರ ಅಂತ ಸಿಕ್ಕಿದ್ದನ್ನೆಲ್ಲ ಒಟ್ಟು ಮಾಡಿತ್ತು. ಆದರೆ ಬೊಟಿಚೆಲ್ಲಿ ಅಲ್ಲಿ ತನ್ನ ಚಿತ್ರ ಸುಟ್ಟ ಅನ್ನುವುದಕ್ಕೆ ಆ ಕಾಲದ ದಾಖಲೆ ಇಲ್ಲ. ಅವನು ಸಂನ್ಯಾಸಿಯ ಹಿಂದೆ ಹೋಗಿ ಕುಂಚ ಬಿಟ್ಟು ಬಡವನಾದ ಅಂತ, ಚಿತ್ರಕಾರರ ಜೀವನಚರಿತ್ರೆಗಳನ್ನು ಬರೆದ ವಸಾರಿ ಬರೆದದ್ದು 1550ರಲ್ಲಿ. ಬಿಟ್ಟಿದ್ದರೆ, 1500ರ ಕೊನೆಯಲ್ಲಿ ಬರೆದೆ ಅಂತ ತಾನೇ ಚಿತ್ರದ ಮೇಲೆ ಹೆಸರು ಹಾಕಿದ್ದು ಹೇಗೆ?

ತನ್ನ ನಗ್ನ ರೇಖಾಚಿತ್ರಗಳನ್ನು ತಂದು ಸುಟ್ಟವನು ಅಂತ ಅದೇ ವಸಾರಿ ಹೇಳುವುದು ಬಾಚ್ಚೊ ಎಂಬ ಇನ್ನೊಬ್ಬ ಚಿತ್ರಕಾರನನ್ನು. ಅವನು 1500ರಲ್ಲಿ ತಾನೇ ಸಂನ್ಯಾಸಿಯಾದ, ಫ್ರಾ ಬಾರ್ತೊಲೊಮೆಯೊ ಆದ. ಕೆಲವು ವರ್ಷ ಕುಂಚ ಮುಟ್ಟಲಿಲ್ಲ, ಆಮೇಲೆ ಮತ್ತೆ ಹಿಡಿದ. ಸವೊನರೋಲಾನ ಆ ಪ್ರಸಿದ್ಧ ಮುಖಚಿತ್ರವೂ ಅವನದೇ. ಇಂಥವನನ್ನು ಬಿಟ್ಟು ಬೊಟಿಚೆಲ್ಲಿಯೇ ಯಾಕೆ ಬೇಕು? ಹೆಸರು ದೊಡ್ಡದು, ಅಷ್ಟೇ.

ಬೊಟಿಚೆಲ್ಲಿಯೇ ಬೇಕು ಅಂದರೂ ಬೆಂಕಿಗಿಂತ ಒಳ್ಳೆಯ ದೃಶ್ಯ ಇದೆ. ಸವೊನರೋಲಾನನ್ನು 1498ರ ಮೇ 23ರಂದು ಅದೇ ಚೌಕದಲ್ಲಿ ಗಲ್ಲಿಗೆ ಹಾಕಿ, ಸುಟ್ಟು, ಬೂದಿಯನ್ನು ಆರ್ನೊ ನದಿಗೆ ಚೆಲ್ಲಿದರು. ಮರುವರ್ಷ ದೊಫ್ಫೊ ಸ್ಪೀನಿ ಎಂಬವನು ಬೊಟಿಚೆಲ್ಲಿಯ ಕೆಲಸದ ಮನೆಯಲ್ಲಿ ಮಾತಿಗೆ ಕೂತಿದ್ದಾನೆ. ಸಂನ್ಯಾಸಿಯ ವಿರೋಧಿಗಳ ಗುಂಪಿಗೆ ನಾಯಕ ಇವನು, ವಿಚಾರಣೆ ನಡೆಸಿದವರಲ್ಲೂ ಒಬ್ಬ. ಬೊಟಿಚೆಲ್ಲಿ ನೇರವಾಗಿ ಕೇಳಿಬಿಡುತ್ತಾನೆ: ಅವನಲ್ಲಿ ನಿಮಗೆ ಸಿಕ್ಕ ತಪ್ಪಾದರೂ ಏನು? ಸಣ್ಣ ಪಾಪವೂ ಸಿಗಲಿಲ್ಲ ಅನ್ನುತ್ತಾನೆ ದೊಫ್ಫೊ. ಮತ್ತೆ ಕೊಂದಿದ್ಯಾಕೆ? ಜೀವಂತ ಮಠಕ್ಕೆ ವಾಪಸ್ ಕಳಿಸಿದ್ದರೆ ಜನ ನಮ್ಮನ್ನು ಸಿಗಿದುಹಾಕುತ್ತಿದ್ದರು, ನಾವು ಉಳಿಯಬೇಕಿತ್ತಲ್ಲ ಅನ್ನುತ್ತಾನೆ.

ಅಂದು ರಾತ್ರಿ ಮನೆಯಲ್ಲಿ ಬೆಂಕಿ ಕಾಯಿಸುತ್ತಾ ಬೊಟಿಚೆಲ್ಲಿ ಇದನ್ನೆಲ್ಲ ಅಣ್ಣ ಸೀಮೋನೆಗೆ ಹೇಳಿದ. ಅಣ್ಣ ಬರೆದಿಟ್ಟ. ಕಲ್ಪಿಸಿ ಬರೆದರೂ ಇಷ್ಟು ಚೆನ್ನಾಗಿ ಬರಲ್ಲ, ಅಲ್ವಾ?

ನಾನಾದರೆ ಇಡೀ ಕಾದಂಬರಿಯನ್ನು ಸೀಮೋನೆಯ ಬಾಯಲ್ಲೇ ಹೇಳಿಸುತ್ತಿದ್ದೆ. ಅವನೋ ಸವೊನರೋಲಾನ ಪಕ್ಕಾ ಭಕ್ತ. ಕೊಂದವರ ಜೊತೆ ಹರಟೆ ಹೊಡೆದು ಬರುವ ಈ ತಮ್ಮ ಯಾವ ಕಡೆಯವನು ಅನ್ನುವುದು ಮಾತ್ರ ಕೊನೆಯ ಪುಟದವರೆಗೂ ಅವನಿಗೆ ಗೊತ್ತಾಗಬಾರದು.