57ನೇ ವಾರದಲ್ಲಿ ಹುಟ್ಟಿದ ಚಿಪ್

ಒಂದು ಪುಟ್ಟ ಎಲ್‌ಇಡಿ ಮಿನುಗಬೇಕಿತ್ತು, ಅಷ್ಟೇ. ಸೆಕೆಂಡಿಗೊಮ್ಮೆ ಹತ್ತಬೇಕು, ಆರಬೇಕು. ಅದಕ್ಕೆ ನನ್ನ ನಾಲ್ಕು ರಾತ್ರಿಯ ನಿದ್ದೆ ಹೋಯಿತು.

ಬೋರ್ಡ್ ಹೊಸದು. ಹವ್ಯಾಸಿಗಳು ಬ್ಲೂ ಪಿಲ್ ಅಂತ ಕರೆಯುತ್ತಾರಲ್ಲ, ಆ ನೀಲಿ ಬೋರ್ಡ್. ಅದರ ನಡುವೆ ಎಸ್‌ಟಿಎಂ32ಎಫ್103ಸಿ8ಟಿ6 ಅನ್ನೋ ಚಿಪ್ಪು. 72 ಮೆಗಾಹರ್ಟ್ಸ್ ವೇಗ, 64 ಕೆಬಿ ಫ್ಲ್ಯಾಶ್, 20 ಕೆಬಿ ರ‍್ಯಾಮ್. ಬಿಡಿ ಚಿಪ್ಪಿಗಿಂತ ಇಡೀ ಬೋರ್ಡೇ ಅಗ್ಗ ಇತ್ತು. ಚಿಪ್ಪಿನ ಜೊತೆ ಕ್ರಿಸ್ಟಲ್, ರೆಗ್ಯುಲೇಟರ್, ಯುಎಸ್‌ಬಿ ಸಾಕೆಟ್ ಎಲ್ಲ ಸೇರಿಸಿಯೂ ಬೆಲೆ ಇಳಿಯೋದು ಹೇಗೆ ಅಂತ ಒಂದು ಕ್ಷಣ ಯೋಚಿಸಬಹುದಿತ್ತು. ಯೋಚಿಸಲಿಲ್ಲ. ಐದು ತರಿಸಿದೆ.

ಪ್ರೋಗ್ರಾಂ ಹಾಕಲು ಹೋದರೆ, ಆ ಕೆಲಸ ಮಾಡಬೇಕಾದ ಓಪನ್‌ಒಸಿಡಿ ಅನ್ನೋ ಸಾಫ್ಟ್‌ವೇರ್ ತಕರಾರು ತೆಗೆಯಿತು. ಚಿಪ್ಪು ತನ್ನ ಗುರುತಿಗೆ ಹೇಳುವ ಐಡಿ ಕೋಡ್ 1ಬಿಎ01477 ಇರಬೇಕಿತ್ತು, ಇಲ್ಲಿ 2ಬಿಎ01477 ಇದೆ, ನಾನು ಮುಂದೆ ಹೋಗಲ್ಲ ಅಂತ. ಒಂದು ಇರಬೇಕಾದ ಕಡೆ ಎರಡು ಇದೆ, ಅಷ್ಟೇ ವ್ಯತ್ಯಾಸ. ಎಲ್ಲೋ ನನ್ನದೇ ತಪ್ಪಿರಬೇಕು ಅಂದುಕೊಂಡೆ. ನಮ್ಮಂಥವರ ಸ್ವಭಾವವೇ ಹಾಗೆ, ಚಿಪ್ಪನ್ನು ಅನುಮಾನಿಸುವ ಧೈರ್ಯ ಬರೋದೇ ಇಲ್ಲ. ಮೊದಲ ರಾತ್ರಿ ವೈರುಗಳನ್ನೆಲ್ಲ ಕಿತ್ತು ಮತ್ತೆ ಹಾಕಿದೆ. ಎರಡನೇ ರಾತ್ರಿ ಯುಎಸ್‌ಬಿ ಕೇಬಲ್ ಬದಲಾಯಿಸಿದೆ, ಪೋರ್ಟ್ ಬದಲಾಯಿಸಿದೆ. ಮೂರನೇ ರಾತ್ರಿ ಹೆಡರ್ ಪಿನ್ನುಗಳಿಗೆ ಹೊಸದಾಗಿ ಬೆಸುಗೆ ಹಾಕುವಾಗ ಬೆರಳು ಸುಟ್ಟುಕೊಂಡೆ. ನಾಲ್ಕನೇ ರಾತ್ರಿ ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಮ್ಮನ್ನೇ ಅಳಿಸಿ ಹೊಸದು ಹಾಕಿದೆ, ಅದರ ಜೊತೆ ಎರಡು ವರ್ಷದ ಫೋಟೋಗಳೂ ಹೋದವು. ಆ ವಿಷಯ ಮನೆಯಲ್ಲಿ ಇನ್ನೂ ಹೇಳಿಲ್ಲ.

"ರೀ, ದೀಪ ಹತ್ತಿತಾ?" ಅಂತ ಹೆಂಡತಿ ಒಳಗಿಂದ ಕೇಳಿದಳು.

"ಇನ್ನೂ ಇಲ್ಲ ಕಣೇ."

"ಸ್ವಿಚ್ ಹಾಕಿದ್ದೀರಾ ನೋಡಿ."

ಆಮೇಲೆ ಗೊತ್ತಾಯಿತು, ಇದು ನನ್ನೊಬ್ಬನ ಕಥೆ ಅಲ್ಲ. ಎಸ್‌ಟಿ ಕಂಪನಿಯ ಅಸಲಿ ಚಿಪ್ಪು ಒಂದರಿಂದ ಶುರುವಾಗುವ ಕೋಡ್ ಹೇಳುತ್ತದೆ. ಅದನ್ನು ನೋಡಿ ಮಾಡಿದ ಒಂದು ಜಾತಿಯ ನಕಲು ಚಿಪ್ಪು ಎರಡರಿಂದ ಶುರು ಮಾಡುತ್ತದೆ. ಓಪನ್‌ಒಸಿಡಿಯ ಕಾನ್ಫಿಗ್ ಫೈಲಿನಲ್ಲಿ ಒಂದನ್ನು ಅಳಿಸಿ ಎರಡು ಮಾಡಿದರೆ ಕೆಲಸ ನಡೆಯುತ್ತದಂತೆ. ಮಾಡಿದೆ. ಎಲ್‌ಇಡಿ ಮಿನುಗಿತು. ನನಗೆ ಖುಷಿಯೇ ಆಗಲಿಲ್ಲ.

ಒಂದು ವಿಷಯ ಮಾತ್ರ ತಲೆಯಲ್ಲಿ ಕೊರೆಯುತ್ತಾ ಕೂತಿತು. ಈ ಚಿಪ್ಪು ಒಂದು ಸಲವೂ ನನಗೆ ಸುಳ್ಳು ಹೇಳಿರಲಿಲ್ಲ. ಕೇಳಿದಾಗಲೆಲ್ಲ "ನಾನು ಅವನಲ್ಲ" ಅಂತ ನಿಯತ್ತಾಗಿ ಹೇಳುತ್ತಲೇ ಇತ್ತು. ಹಣೆಬರಹ ಮಾತ್ರ ಸುಳ್ಳು. ಅದನ್ನು ಬರೆದವನು ಬೇರೆ ಯಾರೋ, ಪಾಪ.

ಸರಿ, ಹಣೆಬರಹ ಓದೋಣ ಅಂತ ಭೂತಗನ್ನಡಿ ತೆಗೆದೆ. ಅಸಲಿ ಚಿಪ್ಪಿನ ಮೇಲೆ ಲೇಸರ್‌ನಲ್ಲಿ ಕೊರೆದ ಅಕ್ಷರ ತೆಳ್ಳಗೆ, ಬೂದು ಬಣ್ಣಕ್ಕೆ ಇರುತ್ತದೆ. ಚಿಪ್ಪನ್ನು ಸ್ವಲ್ಪ ವಾರೆ ಮಾಡಿದರೆ ಕಾಣುತ್ತದೆ, ಇನ್ನೊಂದು ಚೂರು ತಿರುಗಿಸಿದರೆ ಮಾಯ. ನನ್ನದರ ಮೇಲಿನ ಅಕ್ಷರ ಎಲ್ಲ ಕಡೆಯಿಂದಲೂ ದಪ್ಪಗೆ, ಬೆಳ್ಳಗೆ, ಅಂಗಡಿ ಬೋರ್ಡಿನ ಹಾಗೆ ಕಾಣುತ್ತಿತ್ತು. ಕೆಳಗಡೆ ತಯಾರಿಕೆಯ ವರ್ಷ ಮತ್ತು ವಾರದ ಅಂಕಿಗಳು. ವರ್ಷ ಪರವಾಗಿಲ್ಲ. ವಾರ 57.

ವರ್ಷಕ್ಕೆ 52 ವಾರ, ಎಳೆದರೆ 53. ನನ್ನ ಚಿಪ್ಪು ಹುಟ್ಟಿದ್ದು 57ರಲ್ಲಿ.

ಅಸಿಟೋನ್ ಹಾಕಿ ಉಜ್ಜಿದರೆ ನಕಲಿ ಚಿಪ್ಪಿನ ಬಣ್ಣ ಬಿಡುತ್ತದೆ ಅಂತ ಎಲ್ಲೋ ಓದಿದ್ದೆ. ಹೆಂಡತಿಯ ನೇಲ್ ಪಾಲಿಶ್ ತೆಗೆಯುವ ಸೀಸೆ ಕದ್ದು, ಹತ್ತಿಗೆ ಹಚ್ಚಿ, ಹತ್ತು ನಿಮಿಷ ಉಜ್ಜಿದೆ. ಹತ್ತಿ ಬೆಳ್ಳಗೇ ಉಳಿಯಿತು, ಅಕ್ಷರ ಜಪ್ಪಯ್ಯ ಅನ್ನಲಿಲ್ಲ. ಹಣೆಬರಹ ಅಳಿಸೋಕಾಗುತ್ತಾ? ಈ ಪರೀಕ್ಷೆ ಹಳೇ ಚಿಪ್ಪಿನ ತಲೆ ಉಜ್ಜಿ, ಕಪ್ಪು ಬಳಿದು, ಬೇರೆ ಹೆಸರು ಬರೆದಿರುತ್ತಾರಲ್ಲ, ಅಂಥದಕ್ಕೆ. ಇಲ್ಲಿ ಯಾರೂ ಹಳೇದನ್ನು ಉಜ್ಜಿರಲಿಲ್ಲ. ಹೊಚ್ಚ ಹೊಸ ಚಿಪ್ಪಿಗೇ ಇನ್ನೊಬ್ಬರ ಹೆಸರಿಟ್ಟಿದ್ದರು. ಇಷ್ಟರಲ್ಲಿ ಒಂದು ಹನಿ ಭೂತಗನ್ನಡಿಯ ಮೇಲೆ ಬಿದ್ದಿತ್ತು. ಅದು ಪ್ಲಾಸ್ಟಿಕ್ ಲೆನ್ಸ್ ಅಂತ ನನಗೆ ಗೊತ್ತಾಗಿದ್ದು ಅದು ಮೋಡ ಕವಿದ ಹಾಗೆ ಮಬ್ಬಾದ ಮೇಲೆ.

ಅಲ್ಲಿಂದ ನನಗೆ ಹಗ್ಗ ನೋಡಿದರೂ ಹಾವು. ಡ್ರಾಯರಿನಲ್ಲಿ ಇದ್ದದ್ದನ್ನೆಲ್ಲ ಹೊರಗೆ ಸುರಿದು ವಿಚಾರಣೆ ಶುರು ಮಾಡಿದೆ. ಡಿಎಸ್18ಬಿ20 ತಾಪಮಾನ ಸೆನ್ಸರ್ ಕೋಣೆಯಲ್ಲಿ 85 ಡಿಗ್ರಿ ಇದೆ ಅಂದಾಗ ಸಿಕ್ಕಿಬಿದ್ದೆ ಮಗನೇ ಅಂತ ಕಸದ ಬುಟ್ಟಿಗೆ ಹಾಕಿದೆ. ಅಸಲಿ ಸೆನ್ಸರ್ ಕೂಡ ಕರೆಂಟ್ ಕೊಟ್ಟ ತಕ್ಷಣ, ಅಳತೆ ಮುಗಿಯುವ ಮುಂಚೆ ಕೇಳಿದರೆ 85 ಅಂತಲೇ ಹೇಳುತ್ತದೆ ಅಂತ ಮಾರನೇ ದಿನ ಓದಿ, ಬುಟ್ಟಿಯಿಂದ ಹುಡುಕಿ ತೆಗೆದೆ. ಇನ್ನೊಂದು ಬ್ಲೂ ಪಿಲ್ ಯುಎಸ್‌ಬಿಗೆ ಹಾಕಿದರೆ ಕಂಪ್ಯೂಟರಿಗೆ ಕಾಣುತ್ತಲೇ ಇರಲಿಲ್ಲ, ಅದಕ್ಕೂ ಚಿಪ್ಪನ್ನೇ ಬೈದೆ. ತಪ್ಪು ಇದ್ದದ್ದು ಆರ್10 ಅನ್ನೋ ಸಾಸಿವೆ ಗಾತ್ರದ ರೆಸಿಸ್ಟರಿನಲ್ಲಿ, 1.5 ಕಿಲೋ ಓಮ್ ಇರಬೇಕಾದ ಕಡೆ 10 ಕಿಲೋ ಓಮ್ ಕೂರಿಸಿದ್ದರು.

ಮೋಸ ಹೋಗೋದು ನಮ್ಮಂಥ ಹವ್ಯಾಸಿಗಳು ಮಾತ್ರ ಅಲ್ಲ. ಎಲೆಕ್ಟ್ರಾನಿಕ್ಸ್ ಬಿಡಿಭಾಗ ಮಾರೋದನ್ನೇ ಕಸುಬು ಮಾಡಿಕೊಂಡ ಸ್ಪಾರ್ಕ್‌ಫನ್ ಕಂಪನಿಗೇ 2010ರಲ್ಲಿ ಎಟಿಮೆಗಾ328 ಅಂತ ಹೆಸರು ಬರೆದ, ಒಳಗೆ ಬೇರೆಯದೇ ಇದ್ದ ಚಿಪ್ಪುಗಳು ಬಂದಿದ್ದವು. 2014ರಲ್ಲಿ ಎಫ್‌ಟಿಡಿಐ ಕಂಪನಿ ನಕಲಿಗಳ ಮೇಲಿನ ಸಿಟ್ಟಿಗೆ ಒಂದು ಡ್ರೈವರ್ ಬಿಟ್ಟಿತು. ಅದು ತನ್ನ ಯುಎಸ್‌ಬಿ ಚಿಪ್ಪಿನ ನಕಲು ಸಿಕ್ಕರೆ ಅದರ ಗುರುತಿನ ಸಂಖ್ಯೆಯನ್ನು ಸೊನ್ನೆ ಮಾಡಿಬಿಡುತ್ತಿತ್ತು. ತಾನು ಕೊಂಡದ್ದು ನಕಲಿ ಅಂತ ಗೊತ್ತೇ ಇಲ್ಲದವನ ಬೋರ್ಡು ರಾತ್ರೋರಾತ್ರಿ ಅನಾಮಧೇಯ. ಕಳ್ಳನ ಮೇಲಿನ ಕೋಪಕ್ಕೆ ಕಳವಾದ ಮನೆಗೇ ಬೆಂಕಿ ಇಟ್ಟ ಹಾಗೆ, ಅಲ್ವಾ? ಜನ ಬೈದ ಮೇಲೆ ಆ ಡ್ರೈವರ್ ವಾಪಸ್ ಹೋಯಿತು.

ನನಗೆ ನಕಲು ಮಾಡುವವರ ಮೇಲೆ ಅಷ್ಟೇನೂ ಕೋಪ ಇಲ್ಲ. ಜಿಡಿ32 ನೋಡಿ, ಅದೇ ಕೆಲಸ ಮಾಡುವ ಚಿಪ್ಪು, 108 ಮೆಗಾಹರ್ಟ್ಸ್‌ನಲ್ಲಿ ಓಡುತ್ತದೆ, ತನ್ನ ಹೆಸರನ್ನೇ ತಲೆ ಮೇಲೆ ಹಾಕಿಕೊಂಡು ಮಾರಾಟಕ್ಕೆ ಬರುತ್ತದೆ. ನನ್ನ 57ನೇ ವಾರದವನೂ ತನ್ನ ಹೆಸರು ಹೇಳಿಕೊಂಡೇ ಬಂದಿದ್ದರೆ ನಾಲ್ಕು ರಾತ್ರಿ, ಒಂದು ಭೂತಗನ್ನಡಿ, ಎರಡು ವರ್ಷದ ಫೋಟೋ ಉಳಿಯುತ್ತಿದ್ದವು.

ಕೊನೆಗೆ ಪತ್ತೇದಾರಿಕೆ ಸಾಕು ಅಂತ ಎಲ್ಲ ಎತ್ತಿಡುವಾಗ, ಕಂಪ್ಯೂಟರಿನಿಂದ ಚಿಪ್ಪಿಗೆ ಪ್ರೋಗ್ರಾಂ ಸಾಗಿಸುವ ಎಸ್‌ಟಿ-ಲಿಂಕ್ ಕೈಗೆ ಬಂತು. ಇಷ್ಟೂ ದಿನ ಎಲ್ಲರ ಐಡಿ ಕೋಡ್ ಕೇಳಿ ಕೇಳಿ ನನಗೆ ವರದಿ ಕೊಟ್ಟಿದ್ದು ಇದೇ ಪುಟ್ಟ ಅಲ್ಯೂಮಿನಿಯಂ ಕವಚದ ಸಾಧನ. ಇದನ್ನೂ ಅದೇ ಅಂಗಡಿಯಿಂದ, ಅದೇ ಪಾರ್ಸೆಲ್‌ನಲ್ಲಿ, ಅಷ್ಟೇ ಅಗ್ಗಕ್ಕೆ ತರಿಸಿದ್ದೆ ಅಂತ ಆಗ ನೆನಪಾಯಿತು. ಕವಚ ಎಳೆದೆ, ಸುಲಭವಾಗಿ ಬಂತು. ಒಳಗೆ ಅದೇ ಗಾತ್ರದ, ಅದೇ 48 ಕಾಲಿನ ಕರೀ ಚಿಪ್ಪು. ಮಬ್ಬು ಭೂತಗನ್ನಡಿಯ ಅಂಚಿನಲ್ಲಿ ಸ್ವಲ್ಪ ಜಾಗ ಸ್ಪಷ್ಟ ಉಳಿದಿತ್ತು, ಅದರಲ್ಲಿ ಇಣುಕಿದೆ. ದಪ್ಪಗೆ, ಬೆಳ್ಳಗೆ ಅಕ್ಷರ. ವಾರ 57.

"ರೀ, ನನ್ನ ನೇಲ್ ಪಾಲಿಶ್ ರಿಮೂವರ್ ನೋಡಿದ್ರಾ?"

ಸುಮ್ನೆ ಕವಚ ಮುಚ್ಚಿದೆ.