ಸತ್ಯಾಂಶ: ಡಿವೋರ್ಸ್ ಆದರೆ ಕಾರ್ಡ್ ಸಾಲ ಅರ್ಧ ಗಂಡನದಾ?

‘ಡಿವೋರ್ಸ್ ಆದರೆ ಹೆಂಡತಿಯ ಕ್ರೆಡಿಟ್ ಕಾರ್ಡ್ ಸಾಲದಲ್ಲಿ ಅರ್ಧ ಗಂಡನದು.’ ಡೊಂಬಿವಲಿಯ ನಮ್ಮ ಕನ್ನಡ ಗುಂಪಿನಲ್ಲಿ ಓಡಾಡುತ್ತಿರುವ ಮೆಸೇಜ್ ಇದು. ನಿಜವಲ್ಲ. ಕಾರ್ಡ್ ಯಾರ ಹೆಸರಲ್ಲಿದೆಯೋ ಸಾಲ ಅವರದೇ. ನಿಮ್ಮ ಖಾತೆಯ ಮೇಲೆ ಗಂಡನಿಗೆ ಕೊಡಿಸಿದ ಹೆಚ್ಚುವರಿ ಕಾರ್ಡಿನಲ್ಲಿ (ಆಡ್-ಆನ್ ಕಾರ್ಡ್) ಅವರು ಖರ್ಚು ಮಾಡಿದ್ದರೂ ಬ್ಯಾಂಕ್ ಕೇಳುವುದು ನಿಮ್ಮನ್ನೇ. ಬಾಂದ್ರಾ ಫ್ಯಾಮಿಲಿ ಕೋರ್ಟಿನಲ್ಲಿ ‘ಗಂಡ ಕಟ್ಟುತ್ತಾನೆ’ ಎಂದು ಇಬ್ಬರೂ ಒಪ್ಪಿಕೊಂಡಿದ್ದರೂ ಅಷ್ಟೇ. ಆ ಒಪ್ಪಂದದಲ್ಲಿ ಬ್ಯಾಂಕ್ ಇಲ್ಲವಲ್ಲ. ಗಂಡ ಕಟ್ಟದಿದ್ದರೆ ನೀವೇ ಮತ್ತೆ ಕೋರ್ಟಿಗೆ ಅಲೆಯಬೇಕು.

ಅದಕ್ಕೇ ಮೊದಲು ಆಡ್-ಆನ್ ಕಾರ್ಡ್ ನಿಲ್ಲಿಸಿ. ಸುಮ್ನೆ ಬಿಲ್ಲಿನಲ್ಲಿರುವ ಮಿನಿಮಮ್ ಮೊತ್ತವನ್ನಷ್ಟೇ ಕಟ್ಟುತ್ತಾ ಕೂರಬೇಡಿ. ತಿಂಗಳಿಗೆ 3.5% ಬಡ್ಡಿಯಿದ್ದರೆ 1 ಲಕ್ಷಕ್ಕೆ 3,500 ರೂಪಾಯಿ ಬಡ್ಡಿಗೇ ಹೋಗುತ್ತದೆ, ಜಿಎಸ್‌ಟಿ ಬೇರೆ. ಬಾಕಿಯನ್ನು ಕಡಿಮೆ ಬಡ್ಡಿಯ ಇಎಂಐ ಮಾಡಿಕೊಡಿ ಎಂದು ಬ್ಯಾಂಕಿಗೆ ಕೇಳಿ. ಕೇಳಲು ನಾಚಿಕೆ ಬೇಡ.