ಸೈಡ್ ಸ್ಟೆಪ್ ಮೇಲೆ ಎಷ್ಟು ಜನ ಹಿಡಿಸ್ತಾರೆ?

ಪಿಕಪ್ ತಗೊಂಡವರ ಮೊದಲ ಚಿಂತೆ ಮೈಲೇಜ್ ಅಲ್ಲ, ಪಾರ್ಕಿಂಗೂ ಅಲ್ಲ. ಒಳಗೆ ಹತ್ತೋದು ಹೇಗೆ ಅನ್ನೋದು.

ನಮ್ಮ ಬಿಡದಿಯಲ್ಲೇ ತಯಾರಾಗುವ ಟೊಯೊಟಾ ಹೈಲಕ್ಸ್ ಪಿಕಪ್ ನೋಡಿ. ಉದ್ದ 5,325 ಮಿಲಿಮೀಟರ್, ಅಂದರೆ ಸುಮಾರು ಹದಿನೇಳೂವರೆ ಅಡಿ. ಬೆಂಗಳೂರಿನ 20x30 ಸೈಟಿನಲ್ಲಿ ಅಡ್ಡಡ್ಡ ನಿಲ್ಲಿಸಿದರೆ ಗೇಟಿಗೆ ಅಂತ ಎರಡೂವರೆ ಅಡಿ ಉಳಿಯುತ್ತದೆ. ಹೊಳೆ ದಾಟಲಿ, ಗುಡ್ಡ ಹತ್ತಲಿ ಅಂತ ಮಾಡಿದ ಗಾಡಿ ಅದು. ನಮ್ಮವರು ಅದರಲ್ಲಿ ಮದುವೆ ಹಾಲ್‌ಗೆ ಹೋಗುತ್ತಾರೆ. ಹೋಗಲಿ ಬಿಡಿ, ಅವರ ದುಡ್ಡು, ಅವರ ಡೀಸೆಲ್.

ಎತ್ತರದ ಮೇಲೆ ಸರ್ಕಾರಕ್ಕೂ ಒಂದು ಕಣ್ಣಿತ್ತು. 2025ರ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ಬದಲಾಗುವ ತನಕ, 4 ಮೀಟರ್‌ಗಿಂತ ಉದ್ದ, 1500 ಸಿಸಿಗಿಂತ ದೊಡ್ಡ ಎಂಜಿನ್, ಹೊಟ್ಟೆಯಡಿ 170 ಮಿಲಿಮೀಟರ್ ಜಾಗ ಇರುವ ಎಸ್‌ಯುವಿಗೆ ಶೇ 28 ತೆರಿಗೆ, ಅದರ ಮೇಲೆ ಶೇ 22 ಸೆಸ್. ಈ 170 ಅಳೆಯೋದು ಯಾವಾಗ, ಜನ ಕೂತಾಗಲೋ ಇಳಿದಾಗಲೋ ಅಂತ ದೊಡ್ಡ ಜಿಜ್ಞಾಸೆ ಎದ್ದಿತು. 2023ರ ಜುಲೈನಲ್ಲಿ ಜಿಎಸ್‌ಟಿ ಕೌನ್ಸಿಲ್ ಕೂತು, ಗಾಡಿ ಖಾಲಿ ಇದ್ದಾಗಲೇ ಅಳೆಯಬೇಕು ಅಂತ ಹೇಳಬೇಕಾಯಿತು. ನಮ್ಮ ಕೆಲವು ನಾಯಕರು ಕೂತ ಮೇಲೆ ಅಳೆದಿದ್ದರೆ ಅರ್ಧ ಗಾಡಿಗಳು ಸಣ್ಣ ಕಾರಿನ ಲೆಕ್ಕಕ್ಕೆ ಬಂದುಬಿಡುತ್ತಿದ್ದವು.

ಸರಿ, ಎತ್ತರಕ್ಕೆ ದುಡ್ಡು ಕೊಟ್ಟಾಯಿತು. ಈಗ ಆ ಎತ್ತರ ಹತ್ತಲು ಇನ್ನೊಮ್ಮೆ ದುಡ್ಡು ಕೊಡಬೇಕು. ಬೆಂಗಳೂರಿನ ಜೆ.ಸಿ. ರೋಡಿನ ಆಕ್ಸೆಸರಿ ಅಂಗಡಿಗೆ ಹೋದರೆ ಗೋಡೆ ತುಂಬ ಸೈಡ್ ಸ್ಟೆಪ್, ಅಂದರೆ ಬಾಗಿಲ ಕೆಳಗೆ ಕಾಲಿಟ್ಟು ಹತ್ತುವ ಮೆಟ್ಟಿಲು, ನೇತು ಹಾಕಿರುತ್ತಾರೆ. ದುಂಡನೆ ಸ್ಟೀಲ್ ಪೈಪಿನದು ಒಂದು. ಫಳಫಳ ಹೊಳೆಯುತ್ತದೆ, ಮಳೆ ಬಿದ್ದರೆ ಕಾಲು ಜಾರುತ್ತದೆ. ಅಗಲ ಹಲಗೆಯಂಥ ಅಲ್ಯೂಮಿನಿಯಂದು ಇನ್ನೊಂದು. ಕಾಲೇನೋ ನಿಲ್ಲುತ್ತದೆ. ಆದರೆ ಉದ್ದ ಕಾಲಿನವರು ಅದನ್ನು ದಾಟಿ ಇಳಿಯುವಾಗ ಪ್ಯಾಂಟಿನ ಹಿಂಬದಿಗೆ ಕೆಸರು ಗ್ಯಾರಂಟಿ. ಬಿಳಿ ಪಂಚೆಯವರಿಗಂತೂ ಬೇಡವೇ ಬೇಡ.

ತಮಾಷೆ ಇರೋದು ಇಲ್ಲಿ. ಹೊಟ್ಟೆ ತಾಗದಿರಲಿ ಅಂತ ಎತ್ತರದ ಗಾಡಿ ತಗೊಂಡು, ಅದರ ಪಕ್ಕಕ್ಕೆ ಕಬ್ಬಿಣ ಇಳಿಬಿಡುತ್ತಾರೆ. ರೋಡ್ ಹಂಪ್ 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ ಇರಬೇಕು ಅಂತ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಅಳತೆ ಕೊಟ್ಟಿದೆ. ನಮ್ಮ ಏರಿಯಾಗಳಲ್ಲಿ ಹಂಪ್ ಹಾಕೋದು ಕಾಂಗ್ರೆಸ್ ನೋಡಿಕೊಂಡಲ್ಲ. ರಾತ್ರೋರಾತ್ರಿ ಉಳಿದ ಕಾಂಕ್ರೀಟ್ ಸುರಿದು, ಬಾಂಡ್ಲಿಯ ಬೆನ್ನಲ್ಲಿ ತಟ್ಟಿಬಿಡುತ್ತಾರೆ. ಅಂಥದ್ದೊಂದನ್ನು ಓರೆಯಾಗಿ ದಾಟುವಾಗ ಹೊಸ ಸ್ಟೆಪ್ ಕಿರ್ರ್ ಅಂತದೆ. ಒಳಗಿದ್ದವರು ಹಲ್ಲು ಕಚ್ಚುತ್ತಾರೆ. ಯಾವ ಮಾಡೆಲ್ ಆರಿಸಬೇಕು ಅಂತ ಕೇಳುವವರಿಗೆ ನಾನು ಹೇಳೋದು ಒಂದೇ: ಮೊದಲು ನಿಮ್ಮ ಬೀದಿಯ ಹಂಪ್ ಅಳೆದುಕೊಂಡು ಬನ್ನಿ. ಮತ್ತೆ, ಸ್ಟೆಪ್ಪಿನ ಬ್ರಾಕೆಟ್ ಕೂರೋದು ಗಾಡಿಯಡಿಯ ಗಟ್ಟಿ ಚೌಕಟ್ಟಾದ ಚಾಸಿಗೋ ಬರೀ ಬಾಡಿ ತಗಡಿಗೋ ಅಂತ ಬಗ್ಗಿ ನೋಡಿ. ತಗಡಿಗೆ ಸ್ಕ್ರೂ ಹೊಡೆದದ್ದು ನಾಲ್ಕು ಸಲ ಕಾಲಿಟ್ಟರೆ ಅಲ್ಲಾಡಲು ಶುರು.

ಇದೆಲ್ಲ ಒಬ್ಬರು ಹತ್ತಿ ಒಬ್ಬರು ಇಳಿಯುವ ಸಂಸಾರಿಗಳ ಮಾತಾಯಿತು. ಸೈಡ್ ಸ್ಟೆಪ್‌ನ ನಿಜವಾದ ಗಿರಾಕಿ ಬೇರೆ. ಚುನಾವಣೆ ಹತ್ತಿರ ಬಂದಾಗ ನೋಡಿ. ಕ್ರೇನಿನಲ್ಲಿ ಸೇಬಿನ ಹಾರ, ಜೆಸಿಬಿಯಲ್ಲಿ ಹೂವಿನ ಮಳೆ, ನಡುವೆ ಸಾಹೇಬರ ಗಾಡಿ. ಗಾಡಿಯ ಎರಡೂ ಪಕ್ಕ ಜನ ಜೋತುಬಿದ್ದಿರುತ್ತಾರೆ. ಒಂದು ಕೈ ರೂಫ್ ರೈಲಿಗೆ, ಇನ್ನೊಂದು ಕೈ ಜೈಕಾರಕ್ಕೆ. ಅರ್ಧ ಪಾದ ಸ್ಟೆಪ್ ಮೇಲೆ, ಇನ್ನರ್ಧ ಪಕ್ಕದವನ ಚಪ್ಪಲಿ ಮೇಲೆ. ಯಾರು ಎಲ್ಲಿ ನಿಲ್ಲೋದು ಅನ್ನೋದಕ್ಕೂ ಲೆಕ್ಕವಿದೆ. ಮುಂದಿನ ಬಾಗಿಲ ಹತ್ತಿರ ನಿಂತವನು ತಾಲೂಕು ಮಟ್ಟ. ಹಿಂದಿನ ಬಾಗಿಲವನು ಹೋಬಳಿ ಮಟ್ಟ. ಡೀಸೆಲ್ ಮುಚ್ಚಳದ ಹತ್ತಿರ ತೂಗಾಡುವವನು ನಿನ್ನೆ ತಾನೆ ಪಕ್ಷ ಸೇರಿದವನು.

ಮೋಟಾರು ವಾಹನ ಕಾಯ್ದೆಯ 123ನೇ ಸೆಕ್ಷನ್ ಇದನ್ನೇ ಹೆಸರಿಟ್ಟು ಹೇಳುತ್ತದೆ: ರನ್ನಿಂಗ್ ಬೋರ್ಡ್, ಅಂದರೆ ಇದೇ ಸೈಡ್ ಸ್ಟೆಪ್ ಮೇಲೆ ಯಾರನ್ನೂ ಒಯ್ಯುವಂತಿಲ್ಲ. ಕಾಯ್ದೆ 1988ರದ್ದು. ಅದನ್ನು ತಿದ್ದಲು, ದಂಡ ಏರಿಸಲು ಅಧಿಕಾರ ಇರುವವರು ಗಾಡಿಯ ಒಳಗೆ ಕೂತಿರುತ್ತಾರೆ. ಮುರಿಯುವವರು ಹೊರಗೆ ನಿಂತಿರುತ್ತಾರೆ. ದಾರಿ ಬಿಡಿಸುವ ಕಾನ್‌ಸ್ಟೆಬಲ್ ಇಬ್ಬರಿಗೂ ಸೆಲ್ಯೂಟ್ ಹೊಡೆಯುತ್ತಾರೆ. ಅವರು ಪಾಪ, ಸೆಕ್ಷನ್ ನೆನಪಿಸಿಕೊಳ್ಳಲಿಕ್ಕೆ ಕೈಯಾದರೂ ಖಾಲಿ ಬೇಕಲ್ಲ. ಅದೇ ಸಿಗ್ನಲ್‌ನಲ್ಲಿ ಬಸ್ಸಿನ ಫುಟ್‌ಬೋರ್ಡ್ ಮೇಲೆ ಕಾಲೇಜು ಹುಡುಗ ನಿಂತಿದ್ದರೆ ಕಂಡಕ್ಟರ್‌ಗೆ ಎಲ್ಲಿಲ್ಲದ ಸಿಟ್ಟು. 'ಲೇ, ಒಳಗೆ ಬಾರೋ, ಸಾಯ್ಬೇಕಾ?' ಸಾಹೇಬರ ಗಾಡಿಗೂ ಒಬ್ಬ ಕಂಡಕ್ಟರ್ ಇರಬೇಕಿತ್ತು, ಅಲ್ವಾ?

ಇನ್ನೊಂದು ಬಗೆಯ ಪಿಕಪ್ ಇದೆ. ಅದಕ್ಕೆ ಯಾವ ಅಂಗಡಿಯಲ್ಲೂ ಸ್ಟೆಪ್ ಹುಡುಕುವವರಿಲ್ಲ. ಚಿಕ್ಕಮಗಳೂರು, ಕೊಡಗಿನ ಕಡೆ ಬೆಳಿಗ್ಗೆ ಕಾಫಿ ತೋಟಕ್ಕೆ ಆಳುಗಳನ್ನು ಕರೆದೊಯ್ಯುವ ಗಾಡಿ. ಹೆಂಗಸರು ಟಿಫನ್ ಕ್ಯಾರಿಯರ್ ಮೊದಲು ಮೇಲಕ್ಕೆ ಕೊಟ್ಟು, ಹಿಂದಿನ ಟೈರಿನ ಮೇಲೆ ಒಂದು ಕಾಲು, ಹಗ್ಗ ಕಟ್ಟುವ ಕೊಕ್ಕೆಯ ಮೇಲೆ ಇನ್ನೊಂದು ಕಾಲು ಇಟ್ಟು ಹತ್ತುತ್ತಾರೆ. ಸರಕು ಗಾಡಿಯಲ್ಲಿ ಜನ ಕೂರುವಂತಿಲ್ಲ ಅಂತ ಇಲ್ಲಿ ಮಾತ್ರ ಕಾನೂನು ಥಟ್ಟನೆ ನೆನಪಾಗುತ್ತದೆ. ಇವರು ಜೈಕಾರ ಹಾಕೋದಿಲ್ಲ ನೋಡಿ.

ಸಾಹೇಬರಿಗೆ ಈಗ ಬಂದಿರುವ ಹೊಸ ಐಟಂ ಎಲೆಕ್ಟ್ರಿಕ್ ಸ್ಟೆಪ್. ಬಾಗಿಲು ತೆರೆದರೆ ಅದಾಗೇ ಹೊರಗೆ ಬರುತ್ತದೆ, ಬಾಗಿಲು ಹಾಕಿದರೆ ಅದಾಗೇ ಒಳಗೆ ಮಡಚಿಕೊಳ್ಳುತ್ತದೆ. ಹಂಪ್‌ಗೆ ತಾಗೋದಿಲ್ಲ, ಪಂಚೆಗೆ ಕೆಸರಿಲ್ಲ. ಎಲ್ಲ ಚೆನ್ನಾಗಿದೆ. ಸಾಹೇಬರ ಹುಡುಗರು ಒಂದನ್ನು ನೋಡಲು ಹೋದರು ಅಂತ ಇಟ್ಟುಕೊಳ್ಳಿ. ಅಂಗಡಿಯವರು ಡೆಮೊ ಗಾಡಿಯ ಬಾಗಿಲು ತೆಗೆದು, ಹಾಕಿ ತೋರಿಸುತ್ತಾರೆ.

'ಎಷ್ಟು ಜನ ತಡೆಯುತ್ತೆ ಅಣ್ಣ?'

'ತೂಕದ್ದೇನೂ ತೊಂದರೆ ಇಲ್ಲ. ಎರಡು ಜನ ಆರಾಮಾಗಿ ನಿಲ್ಲಬಹುದು.'

'ಸಾಹೇಬ್ರು ಒಳಗೆ ಕೂತು ಬಾಗಿಲು ಹಾಕ್ಕೊಂಡ್ರೆ?'

'ಸ್ಟೆಪ್ ಒಳಗೆ ಹೋಗುತ್ತೆ.'

'ಹಂಗಾದ್ರೆ ನಾವು?'

'ಓಡಬೇಕಾಗುತ್ತೆ. ಹೊರಗೇ ಇರಲಿ ಅಂದ್ರೆ ಅದಕ್ಕೊಂದು ಸ್ವಿಚ್ ಕೊಡ್ತೀವಿ.'

'ಸ್ವಿಚ್ ಎಲ್ಲಿರುತ್ತೆ?'

'ಒಳಗೆ. ಸಾಹೇಬ್ರ ಕೈಗೆ ಸಿಗೋ ಹಾಗೆ.'